ಕುತ್ತಿಗಿ ಝಾಡಿಸಿತ್ತು, ಕಣ್ಣು ಕೆಟ್ಟಿತ್ತು

ವೈನಿ, ತೊಗರಿ ಹಸನ ಮಾಡೋದು ಬಿಟ್ಟು ಬೇಲಿ ಹತ್ರ ಬರ್ರಿ. ನಮ್ಮನಿಯವರಿಗೆ ಹೊಸ ಚಷ್ಮಾ ಹಾಕಿಸಿದ್ವಲ್ಲ, ಅದು ದಂಡಾನೇ ಆತು. ತ್ರಾಸು ಕಣ್ಣಿಂದಲ್ಲಂತ, ಕುತ್ತಿಗಿದು.

ಹೋದ ತಿಂಗಳು ಉಮರ್ಗಾ ಹತ್ರ 65 ನಂಬರ್ ಹೈವೇದಾಗ ನಮ್ಮ ಗಾಡಿಗೆ ಹಿಂದಿಂದ ಟೆಂಪೊ ಗುದ್ದಿತ್ತು ನೋಡ್ರಿ. ಮೈಮ್ಯಾಲ ಒಂದು ಗೀರಿಲ್ಲಂತ ನಿಲಂಗಾ ಮ್ಯಾಲಿಂದ ಸೀದಾ ಉದಗೀರಕ್ಕ ಬಂದ್ವಿ. ಮೂರನೇ ದಿನ ಕುತ್ತಿಗಿ ಹಿಡೀತು. ಆಮ್ಯಾಲ ಪೇಪರ್ ಓದಲಾಕ ಕುಂತ್ರ ಸಾಲಿನ ಮ್ಯಾಲ ಸಾಲು ಕಾಣ್ತಿತ್ತು. ಒಂದು ಕಣ್ಣು ಮುಚ್ಚಿದ್ರ ಸರಿ, ಎರಡೂ ತೆರದ್ರ ಮತ್ತ ಅದೇ. ಚಷ್ಮಾ ಅಂಗಡ್ಯಾಗ ಗ್ವಾಡಿಮ್ಯಾಲಿನ ಅಕ್ಷರ ಎಲ್ಲಾ ಬರೋಬರಿ ಓದಿದ್ರು. ಟೆಂಪೊ ಸುದ್ದಿ ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ನಿನ್ನೆ ಡಾಕ್ಟರು, “ಮಾನೇಲಾ ಮಾರ ಲಾಗಲಾ ಹೋತಾ ಕಾ?” ಅಂತ, ಅಂದ್ರ ಕುತ್ತಿಗಿಗೆ ಪೆಟ್ಟು ಬಿದ್ದಿತ್ತೇನಂತ, ಮರಾಠಿಯಾಗ ಕೇಳಿದ ಮ್ಯಾಲೇ ಎಲ್ಲಾ ಹೊರಬಿತ್ತು. ಹಿಂದಿಂದ ಗುದ್ದಿದಾಗ ಸೀಟು ಮೈನ್ನ ಮುಂದ ದಬ್ಬತದ, ತಲಿ ಹಿಂದೇ ಉಳೀತದ; ಆಮ್ಯಾಲ ಬಾರಕೋಲು ಬೀಸಿದಂಗ ಝಾಡಿಸಿ ಮುಂದ ಬರ್ತದ. ತಲಿ ಯಾ ಕಡಿ ಹೊಳ್ಳೇದಂತ ಕುತ್ತಿಗಿ ನರ ಮೆದುಳಿಗೆ ಸುದ್ದಿ ಕಳಸ್ತಾವಂತ, ಆ ಸುದ್ದಿನೂ ಹಿಡದು ಕಣ್ಣು ಹೊರಳೋದು. ಸುದ್ದಿ ತಪ್ಪಿದ್ರ ಎರಡೂ ಕಣ್ಣು ಒಂದು ಕಡಿ ಕೂಡಂಗಿಲ್ಲ.

ಇನ್ನೊಂದು ಮಾತು ಕೇಳಿ ನನ್ನ ಎದಿ ಝಲ್ಲಂತು. ಕುತ್ತಿಗ್ಯಾಗ 7 ಮಣಿ. ಮ್ಯಾಲಿನ 6ರ ತೂತಿನಾಗಿಂದ ಎರಡು ರಕ್ತನಾಳ ಏರಿ ಮೆದುಳಿನ ಹಿಂಭಾಗಕ್ಕ ಹೋಗ್ತಾವ. ಕಣ್ಣು ಕಂಡದ್ದನ್ನ ಗುರ್ತು ಹಿಡಿಯೋ ಜಾಗಾ ಅದೇ. ಝಾಡಿಸಿದ ಪೆಟ್ಟಿಗೆ ನಾಳದ ಒಳಪದರ ಸೀಳಿ ರಕ್ತ ಹೆಪ್ಪುಗಟ್ಟಿದ್ರ ಅರ್ಧ ನೋಟಾನೇ ಹೋಗಬಹುದು. ಕುತ್ತಿಗಿ ಮುಂದಿನ ದೊಡ್ಡ ನಾಳ ಸೀಳಿದ್ರ ಒಂದು ರೆಪ್ಪಿ ಜೋತುಬಿದ್ದು ಆ ಕಣ್ಣಿನ ಪಾಪೆ ಸಣ್ಣಾಗಬಹುದು. ಗುದ್ದಿದ ದಿನಾನೇ ಅಲ್ರಿ, ದಿನಗಟ್ಲೆ ಬಿಟ್ಟೂ ಆಗಬಹುದು. ಸ್ಕ್ಯಾನ್ ನೋಡಿ, “ನಾಳ ಚೊಲೋ ಅದಾವ” ಅಂದಾಗ ನನಗ ಹೋದ ಜೀವ ಬಂತು.

ಯಾಕಂದ್ರ ಹಿಂದಿನ ಐತವಾರ ಇವರು ಕಟಿಂಗ್ ಮಾಡಸಲಾಕ ಹೋಗಿದ್ರು. ಕುತ್ತಿಗಿ ಹಿಡದದ ಅಂದದ್ದಕ್ಕ ಕಟಿಂಗ್ ಮಾಡೋ ತಮ್ಮ ಪ್ರೀತಿಲೇ ಒಂದು ಕೈ ಗದ್ದಕ್ಕ, ಒಂದು ಕೈ ನೆತ್ತಿಗೆ ಹಚ್ಚಿದ್ನಂತ, ಟಕ್ ಅನಸಲಾಕ. ನೋವಿಗೆ ಇವರೇ ಬ್ಯಾಡಂದು ಕೈ ಹಿಡದಾರ. ತಿರುವಿದ್ದಿದ್ರ?

ಈಗ ಮೂಗಿನ ಹತ್ರ ಪೆನ್ಸಿಲ್ ತಂದು ಅದರ ತುದಿ ನೋಡೋ ಅಭ್ಯಾಸ ಹಚ್ಯಾರ. ಅಲ್ಲೇ ಕಟ್ಟಿಮ್ಯಾಲ ಕುಂತಾರ ನೋಡ್ರಿ. ಅಂದಂಗ, ನಿಮ್ಮ ಮಗ ನಾಳೆ ಬೀದರಕ್ಕ ಹೊಂಟಾನಲ್ಲ? ಅವನ ಸೀಟಿನ ತಲಿದಿಂಬು ಹೆಗಲ ಮಟ್ಟಕ್ಕ ಕುಂತದ, ಇಲ್ಲಿಂದೇ ಕಾಣ್ತದ. ಗಾಡಿ ಕೀಲಿ ತರ್ರಿ, ನೆತ್ತಿ ಮಟ್ಟ ಎತ್ತಿ ಇಡೋಣು.