ನಿರ್ಣಾ ಸೂತ್ರಗಳು: ರ‍್ಯಾಮಿನ ದೂರ ಮತ್ತು ಪಹಣಿಯ ವಿಳಂಬ ಕುರಿತು ಸಟೀಕ ಪ್ರಬಂಧ

ಪೀಠಿಕೆ

ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರನು ‘ಮಿತಾಕ್ಷರ’ ಬರೆದ. ಆಸ್ತಿ ಯಾರಿಗೆ, ಯಾವಾಗಿನಿಂದ ಎಂಬ ತಂಟೆಯನ್ನು ದೇಶದ ಬಹುಭಾಗಕ್ಕೆ ಬಗೆಹರಿಸಿಕೊಟ್ಟ. ಆದರೆ ಸರ್ವರಿನ ರ‍್ಯಾಮು ಯಾರಿಗೆ ಸೇರಬೇಕೆಂಬುದರ ಬಗ್ಗೆ ಒಂದಕ್ಷರವನ್ನೂ ಬರೆಯಲಿಲ್ಲ. ಒಂಬೈನೂರು ವರ್ಷಗಳ ಈ ಲೋಪವನ್ನು ತುಂಬಲು ಯಾವ ವಿಶ್ವವಿದ್ಯಾಲಯವೂ ಮುಂದೆ ಬಾರದ್ದರಿಂದ ನಾವೇ ಟೊಂಕ ಕಟ್ಟಿದ್ದೇವೆ.

ಅಧ್ಯಯನಕ್ಕೆ ಬೀದರ್ ಜಿಲ್ಲೆಯ ನಿರ್ಣಾವನ್ನು ಆರಿಸಿದ್ದಕ್ಕೆ ಸಕಾರಣವಿದೆ. ನೂಮಾ, ಅಂದರೆ ಸರ್ವರಿನೊಳಗೆ ಕೆಲವು ನೆನಪು ಹತ್ತಿರ, ಕೆಲವು ದೂರ ಇರುವ ವ್ಯವಸ್ಥೆ, ಪಾಶ್ಚಾತ್ಯ ಪಂಡಿತರಿಗೆ ಸಿದ್ಧಾಂತ. ಈ ಭಾಗದ ರೈತನಿಗೆ ಅದು ಬೆಳಗಿನ ಬಸ್ಸು.

ಸೂತ್ರ 1: ನೆನಪು ಎಲ್ಲರದು, ದೂರ ಅವರವರದು

ಟೀಕೆ: ಹಿಂದೆ ಸರ್ವರಿನ ಎಲ್ಲ ಪ್ರೊಸೆಸರ್‌ಗಳೂ ಒಂದೇ ದಾರಿಯಲ್ಲಿ ನೂಕಾಡಿ ಒಂದೇ ರ‍್ಯಾಮಿಗೆ ಹೋಗುತ್ತಿದ್ದವು. 2003ರಲ್ಲಿ ಎಎಂಡಿಯ ಆಪ್ಟೆರಾನ್, 2008ರಲ್ಲಿ ಇಂಟೆಲ್‌ನ ನೆಹಾಲೆಮ್ ಬಂದ ಮೇಲೆ ಪ್ರತಿ ಪ್ರೊಸೆಸರ್‌ಗೂ ತನ್ನ ಪಕ್ಕದಲ್ಲೇ ತನ್ನ ಪಾಲಿನ ರ‍್ಯಾಮು ಸಿಕ್ಕಿತು. ಪ್ರೊಸೆಸರ್ ಮತ್ತು ಅದರ ಪಾಲಿನ ರ‍್ಯಾಮು ಸೇರಿದ ಈ ಜೋಡಿಗೆ ನೋಡ್ ಎನ್ನುತ್ತಾರೆ. ಪಕ್ಕದ ರ‍್ಯಾಮಿನಿಂದ ಮಾಹಿತಿ ತರಲು ಸುಮಾರು 100 ನ್ಯಾನೋಸೆಕೆಂಡ್ ಹಿಡಿದರೆ, ಆಚೆ ನೋಡಿನಿಂದ ತರಲು ಅದರ ಒಂದೂವರೆ ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು.

ಲಿನಕ್ಸ್‌ನಲ್ಲಿ ನೂಮಾಸಿಟಿಎಲ್ ಎಂಬ ಆಜ್ಞೆ ಕೊಟ್ಟರೆ ಈ ದೂರದ ಪಟ್ಟಿಯೇ ಬರುತ್ತದೆ. ಎರಡು ಸಾಕೆಟ್‌ನ ಸರ್ವರಿನಲ್ಲಿ ಆಚೆ ನೋಡಿಗೆ ಸಾಮಾನ್ಯವಾಗಿ 21, ತನ್ನಿಂದ ತನಗೆ 10. ತನ್ನ ಮನೆಗೆ ತಾನೇ ಹೋಗಲು ಹತ್ತು ಯಾಕೆ ಎಂದು ಕೇಳುವವರು ಹೋಬಳಿ ಕಚೇರಿಯ ಎದುರು ಮನೆಯವರನ್ನು ವಿಚಾರಿಸಬಹುದು. ರಸ್ತೆ ದಾಟಿದರೆ ಕಚೇರಿ. ಆದರೆ ನಡುವೆ ಜೆರಾಕ್ಸ್ ಅಂಗಡಿ ಇದೆ.

ಸೂತ್ರ 2: ಮೊದಲು ಮುಟ್ಟಿದವನದೇ ಪುಟ

ಟೀಕೆ: ಮಿತಾಕ್ಷರದ ಪ್ರಕಾರ ಮಗನಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು. ಬಂಗಾಳದ ದಾಯಭಾಗದ ಪ್ರಕಾರ ತಂದೆ ತೀರಿದ ಮೇಲೆ. ಲಿನಕ್ಸ್ ಇವೆರಡನ್ನೂ ಒಪ್ಪದೆ, 1974ರಲ್ಲಿ ಜಾರಿಗೆ ಬಂದ ದೇವರಾಜ ಅರಸರ ಭೂಸುಧಾರಣೆಯನ್ನು ಒಪ್ಪಿದೆ: ಉಳುವವನೇ ಹೊಲದೊಡೆಯ. ನೆನಪು ಬೇಕೆಂದು ಅರ್ಜಿ ಹಾಕಿದಾಗ ಅದು ಕಾಗದದ ಮೇಲಷ್ಟೇ ಮಂಜೂರು. ಯಾವ ನೋಡಿನಲ್ಲಿ ಓಡುತ್ತಿರುವ ಕೆಲಸ ಆ ನೆನಪಿನ ಒಂದು ಪುಟವನ್ನು, ಅಂದರೆ ತುಣುಕನ್ನು, ಮೊದಲು ಮುಟ್ಟುತ್ತದೋ, ಪುಟ ಆ ನೋಡಿನಲ್ಲಿ ನೆಲೆಗೊಳ್ಳುತ್ತದೆ. ಪಹಣಿಯ ಭಾಷೆಯಲ್ಲಿ ಹೇಳುವುದಾದರೆ, 9ನೇ ಕಾಲಂನ ಮಾಲೀಕನನ್ನು ಕೇಳುವವರಿಲ್ಲ, 12ನೇ ಕಾಲಂನ ಸಾಗುವಳಿದಾರನೇ ಗಟ್ಟಿ.

ನ್ಯಾಯವಾಗಿ ಕಾಣುವ ಈ ಕಾನೂನು ಡೇಟಾಬೇಸಿಗೆ ಮುಳುವಾದದ್ದು ಹೇಗೆಂದು 2010ರಲ್ಲಿ ಮೈಎಸ್‌ಕ್ಯೂಎಲ್ ಪಂಡಿತ ಜೆರೆಮಿ ಕೋಲ್ ವಿವರಿಸಿದರು. 64 ಜಿಬಿಯ ಸರ್ವರ್, ನೋಡಿಗೆ 32ರಂತೆ ಎರಡು ಪಾಲು ಎಂದಿಟ್ಟುಕೊಳ್ಳಿ. ಮೈಎಸ್‌ಕ್ಯೂಎಲ್ ಶುರುವಾಗುವಾಗ ತನ್ನ 48 ಜಿಬಿ ಬಫರ್ ಪೂಲನ್ನು, ಅಂದರೆ ದತ್ತಾಂಶ ಇಟ್ಟುಕೊಳ್ಳುವ ನೆನಪನ್ನು, ಒಬ್ಬನೇ ಆಳಿನ ಕೈಯಲ್ಲಿ ಮುಟ್ಟಿಸುತ್ತದೆ. ಅವನಿದ್ದ ನೋಡು ತುಂಬಿ ತುಳುಕುತ್ತದೆ, ಆಚೆಯದು ಅರ್ಧ ಬೀಳು. ಮುಂದೆ ತುಂಬಿದ ನೋಡಿನಲ್ಲೇ ಇನ್ನಷ್ಟು ಜಾಗ ಬೇಕಾದಾಗ, ಪಕ್ಕದಲ್ಲಿ ಖಾಲಿ ರ‍್ಯಾಮು ಬಿದ್ದಿದ್ದರೂ, ಲಿನಕ್ಸ್ ಕೆಲವೊಮ್ಮೆ ಇಲ್ಲಿನ ಪುಟಗಳನ್ನು ಡಿಸ್ಕಿಗೆ ಎತ್ತಿ ಹಾಕುತ್ತದೆ. ಊರಲ್ಲಿ ಜಮೀನು ಖಾಲಿ ಇರುವಾಗ ರೈತನನ್ನು ಗುಳೆ ಕಳಿಸಿದ ಹಾಗೆ.

ಸೂತ್ರ 3: ಹತ್ತಿರದ್ದು ಬೇಗ, ಒಂದೇ ಇದ್ದದ್ದು ಖರೆ

ಟೀಕೆ: ನಿಜಾಮರ ಕಾಲದ ಪಟವಾರಿಯ ದಫ್ತರ ಶುದ್ಧ ಸ್ಥಳೀಯ ನೆನಪು. ಅರಿವೆ ಗಂಟು ಬಿಚ್ಚಿದರೆ ಪಹಣಿ, ಕಟ್ಟಿದರೆ ಗುಟ್ಟು. ವೇಗಕ್ಕೆ ಎಣೆಯಿಲ್ಲ. ತೊಡಕು ಒಂದೇ: ಗಂಟಿನಲ್ಲಿದ್ದ ಹೆಸರಿಗೂ ತಹಸೀಲಿನಲ್ಲಿದ್ದ ಹೆಸರಿಗೂ ತಾಳೆಯಾಗುತ್ತದೆಂಬ ಭರವಸೆ ಇರಲಿಲ್ಲ. ಪ್ರೊಸೆಸರ್‌ಗಳಿಗೂ ಇದೇ ಕಾಯಿಲೆ. ಪ್ರತಿಯೊಂದೂ ತನ್ನ ಕ್ಯಾಶೆಯಲ್ಲಿ, ಅಂದರೆ ತನ್ನೊಳಗಿನ ಪುಟ್ಟ ನೆನಪಿನಲ್ಲಿ, ನಕಲು ಇಟ್ಟುಕೊಳ್ಳುತ್ತದೆ. ಒಂದು ತಿದ್ದಿದರೆ ಉಳಿದವರ ನಕಲು ರದ್ದೆಂದು ಸಾರಬೇಕು. ಒಂದೇ ಸಾಲಿಗೆ ಹತ್ತಾರು ಜನ ಬಡಿದಾಡುವ ಡೇಟಾಬೇಸಿನಲ್ಲಿ ಈ ಸಾರುವಿಕೆಯಲ್ಲೇ ಬಹಳ ಹೊತ್ತು ಕಳೆಯುತ್ತದೆ. ಆಚೆ ನೋಡಿಗೆ ಸಾರುವುದಾದರಂತೂ ಕೇಳುವುದೇ ಬೇಡ.

ಗಂಟಿಗೂ ತಹಸೀಲಿಗೂ ತಾಳೆಯಾಗದ ಆ ತೊಡಕಿಗೆ ಮದ್ದಾಗಿ ಕರ್ನಾಟಕ ಸರ್ಕಾರ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು, ಕೈಬರಹದ ಪಹಣಿಗೆ ಬೆಲೆ ಇಲ್ಲವೆಂದಿತು. ಮೊದಮೊದಲು ಸರ್ವರ್ ತಾಲ್ಲೂಕು ಕಚೇರಿಯಲ್ಲೇ ಇತ್ತು. ಆಮೇಲೆ ದತ್ತಾಂಶ ಬೆಂಗಳೂರು ಸೇರಿತು. ಖರೆತನ ಹೆಚ್ಚಿತು, ದೂರವೂ ಹೆಚ್ಚಿತು. ಇವೆರಡರಲ್ಲಿ ಒಂದನ್ನು ಮಾತ್ರ ಭಾಷಣದಲ್ಲಿ ಹೇಳುವುದು ಸಂಪ್ರದಾಯ.

ಸೂತ್ರ 4: ಎಲ್ಲರೂ ಸಮನಾಗಿ ಕಾದರೆ ಯಾರೂ ದೂರುವುದಿಲ್ಲ

ಟೀಕೆ: ಎರಡನೇ ಸೂತ್ರದ ರೋಗಕ್ಕೆ ಪ್ರಸಿದ್ಧ ಔಷಧಿ ಇಂಟರ್‌ಲೀವ್: ಪುಟಗಳನ್ನು ಇದಕ್ಕೊಂದು ಅದಕ್ಕೊಂದು ಎಂದು ಎಲ್ಲ ನೋಡುಗಳಿಗೂ ಹಂಚಿಬಿಡುವುದು. ಯಾವ ನೋಡೂ ಉಕ್ಕುವುದಿಲ್ಲ. ಎರಡೇ ನೋಡಿದ್ದರೆ ಪ್ರತಿಯೊಬ್ಬನಿಗೂ ಅರ್ಧ ಪುಟ ಹತ್ತಿರ, ಅರ್ಧ ದೂರ. ಕ್ರಮೇಣ ಮೈಎಸ್‌ಕ್ಯೂಎಲ್ ಇದಕ್ಕೆ ತನ್ನೊಳಗೇ ಒಂದು ಗುಂಡಿ ಇಟ್ಟಿತು.

ಆದರೆ ಈ ಪ್ರಯೋಗವನ್ನು ಭಾರತ ಸರ್ಕಾರ 1956ರ ನವೆಂಬರ್ 1ರಂದೇ ಬೀದರ್ ಜಿಲ್ಲೆಯ ಮೇಲೆ ಮಾಡಿತ್ತು. ಉದಗೀರ, ನಿಲಂಗಾ, ಅಹ್ಮದಪುರ ಮುಂಬೈ ರಾಜ್ಯದ ನೋಡಿಗೆ. ಜಹೀರಾಬಾದ್, ನಾರಾಯಣಖೇಡ ಆಂಧ್ರದ ನೋಡಿಗೆ. ಬೀದರ್, ಭಾಲ್ಕಿ, ಹುಮನಾಬಾದ್ ಮೈಸೂರಿನ ನೋಡಿಗೆ. ಗಡಿಯ ಈಚೆ ಮನೆ, ಆಚೆ ಹೊಲ ಇದ್ದವನು ದೂರದ ನೆನಪಿನ ರುಚಿಯನ್ನು ಇಂಟೆಲ್‌ಗಿಂತ ಅರ್ಧ ಶತಮಾನ ಮೊದಲೇ ಕಂಡ.

ಸೂತ್ರ 5: ಅರ್ಜಿದಾರ ಸರಿಯದಿದ್ದರೆ ಕಡತ ಸರಿಯಲಿ

ಟೀಕೆ: ಈಚಿನ ಲಿನಕ್ಸ್ ಯಾವ ಕೆಲಸ ಯಾವ ಪುಟವನ್ನು ಪದೇ ಪದೇ ಕೇಳುತ್ತದೆಂದು ಗಮನಿಸಿ ಆ ಪುಟವನ್ನೇ ಕೆಲಸದ ಬಳಿಗೆ ಸಾಗಿಸುತ್ತದೆ. 2008ರ ಜುಲೈಯಲ್ಲಿ ಕಲಬುರಗಿಗೆ ಹೈಕೋರ್ಟಿನ ಸಂಚಾರಿ ಪೀಠ ಬಂದದ್ದು ಇದೇ ನ್ಯಾಯದಿಂದ. 2017ರಲ್ಲಿ ಹುಮನಾಬಾದ್ ಮೇಲೆ ಹಾಯುವ ಬೀದರ್–ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾದದ್ದು ಬೇರೆ ಚಿಕಿತ್ಸೆ: ಅಲ್ಲಿ ಕಡತ ಸರಿಯಲಿಲ್ಲ, ನೋಡುಗಳ ನಡುವಿನ ದಾರಿ ಸುಧಾರಿಸಿತು. ಇನ್ನು ನಿರ್ಣಾ ಇದ್ದಲ್ಲೇ ಇದ್ದು ಹುಮನಾಬಾದ್ ತಾಲ್ಲೂಕಿನಿಂದ ಹೊಸ ಚಿಟಗುಪ್ಪಾ ತಾಲ್ಲೂಕಿಗೆ ಸರಿಯಿತು. ಒಂದು ಗಿಡವೂ ಅಲುಗದೆ ಊರಿಗೆ ಊರೇ ನೋಡು ಬದಲಿಸಿದ ಈ ಸಾಧನೆ ಲಿನಕ್ಸಿಗೆ ಇನ್ನೂ ಕೈಗೂಡಿಲ್ಲ.

ಆಕ್ಷೇಪ ಮತ್ತು ಸಮಾಧಾನ

ಪೂರ್ವಪಕ್ಷಿ: ನ್ಯಾನೋಸೆಕೆಂಡ್ ಎಲ್ಲಿ, ರೈತ ನಿಲ್ಲುವ ಸರದಿ ಎಲ್ಲಿ? ಸಮಾಧಾನ: ದೂರದ ನೋಡಿಗೆ ಪ್ರತಿ ಸಲ 50 ನ್ಯಾನೋಸೆಕೆಂಡ್ ಹೆಚ್ಚು ಹಿಡಿದರೆ, ಒಂದು ಕೋಟಿ ಸಲ ಒಂದರ ಹಿಂದೊಂದು ಹೋಗಿಬರುವ ಪ್ರಶ್ನೆಗೆ ಅರ್ಧ ಸೆಕೆಂಡ್ ದಂಡ. ಅಂಥ ಪ್ರಶ್ನೆಗಳು ನೂರಾರು ಸಾಲುಗಟ್ಟಿದರೆ ಏನಾಗುತ್ತದೆಂಬುದಕ್ಕೆ, ಹೆಸರು ಬೇಡ, ಒಂದು ಕಿಟಕಿಯ ಮುಂದೆ ಹೀಗೆ ಸಂವಾದ ನಡೆಯುತ್ತದೆ. ಬೆಳೆವಿಮೆಯ ಕಡೆಯ ದಿನ, ತೊಗರಿ ಬಿತ್ತಿದವರೆಲ್ಲ ನಿಂತಿದ್ದಾರೆ, ಪರದೆಯ ಮೇಲೆ ಚಕ್ರ ತಿರುಗುತ್ತಿದೆ.

“ಸರ್ವರ್ ಭಾಳ ಸ್ಲೋ ಅದ ಕಾಕಾ, ಕೂಡ್ರಿ.”

“ಎಲ್ಲಿ ಅದ ತಮ್ಮಾ ಅದು?”

“ಬೆಂಗಳೂರಾಗ.”

“ಹಂಗಾರ ಬಸ್ ಸಿಕ್ಕಿಲ್ಲ ಅದಕ್ಕ.”

ಈ ಕೊನೆಯ ವಾಕ್ಯದಲ್ಲಿ ನೂಮಾದ ಸಮಸ್ತ ಶಾಸ್ತ್ರವೂ ಅಡಗಿದೆ. ರ‍್ಯಾಮು ಎಷ್ಟಿದೆ ಎಂದು ಕಾಕಾ ಕೇಳಲಿಲ್ಲ, ಪ್ರೊಸೆಸರ್ ಎಷ್ಟು ಗಿಗಾಹರ್ಟ್ಸ್ ಎಂದೂ ಕೇಳಲಿಲ್ಲ. ಎಲ್ಲಿದೆ ಎಂದು ಕೇಳಿದ.

ಫಲಶ್ರುತಿ

ಈ ಪ್ರಬಂಧವನ್ನು ನಿತ್ಯ ಪಠಿಸಿದವರಿಗೆ ಪಹಣಿ ಬೇಗ ಸಿಗುವುದಿಲ್ಲ. ಸರ್ವರ್ ಖರೀದಿಸುವವರಿಗೆ ಮಾತ್ರ ಸ್ವಲ್ಪ ಪುಣ್ಯ ಲಭಿಸೀತು. 2025ರಲ್ಲಿ ಬಂದ ಪೋಸ್ಟ್‌ಗ್ರೆಸ್‌ನ 18ನೇ ಆವೃತ್ತಿಯಲ್ಲಿ, ಡೇಟಾಬೇಸಿನ ಯಾವ ಪುಟ ಯಾವ ನೋಡಿನಲ್ಲಿದೆಯೆಂದು ತೋರಿಸುವ ಪಟ್ಟಿ ಸೇರಿದೆ. ಅಂದರೆ ಕಡೆಗೂ ರ‍್ಯಾಮಿಗೊಂದು ಪಹಣಿ ಬಂದಿದೆ. ನಿಧಾನವೆಂದು ಇನ್ನಷ್ಟು ರ‍್ಯಾಮಿಗೆ ಟೆಂಡರ್ ಕರೆಯುವ ಮುನ್ನ ಅದನ್ನೊಮ್ಮೆ ತೆಗೆದು ನೋಡಿ. ಅದಕ್ಕೆ ಅರ್ಜಿ ಬೇಡ, ಶುಲ್ಕವೂ ಇಲ್ಲ.