ಹಸಿರು ಹೋಂಸ್ಟೇಗೆ ಹಳದಿ ರಸ್ತೆ

ವಿರಾಜಪೇಟೆ ದಾಟಿ ಪೆರುಂಬಾಡಿ ಮಾರ್ಗವಾಗಿ ಮಾಕುಟ್ಟದ ಕಡೆ ಹೊರಡಿ. ರಸ್ತೆ ಬದಿಯಲ್ಲಿ ಬೋರ್ಡುಗಳು. ‘ಪ್ರಕೃತಿಯ ಮಡಿಲು’. ‘ಕಾಡಿನ ನಡುವೆ ನೆಮ್ಮದಿ’. ಬಾಣದ ಗುರುತು ಹಿಡಿದು ಒಳಗೆ ತಿರುಗಿದರೆ ಗೇಟಿನಿಂದ ಮನೆಯವರೆಗೆ ಉದ್ದನೆಯ ಜಲ್ಲಿ ರಸ್ತೆ. ಎರಡೂ ಅಂಚಿನಲ್ಲಿ ಹುಲ್ಲು ಸತ್ತು ಹಳದಿ. ನಡುವೆ ಬೋಳು. ಪ್ರಕೃತಿಯ ಮಡಿಲಿಗೆ ಹೋಗುವ ದಾರಿಯಲ್ಲಿ ಪ್ರಕೃತಿಗೆ ಪ್ರವೇಶವಿಲ್ಲ.

ಕೇಳಿದರೆ ಒಂದೇ ಉತ್ತರ: ‘ಕ್ಲೀನಾಗಿರ್ಬೇಕಲ್ಲ.’

ಯಾರಿಗೆ ಕ್ಲೀನು? ಗೆಸ್ಟುಗಳಿಗೆ. ಅವರಿಗೆ ಮಂಜು ಬೇಕು, ಜಿಗಣೆ ಬೇಡ. ಕಾಡು ಬೇಕು, ಪ್ಯಾಂಟಿಗೆ ತಾಗಬಾರದು. ಹಕ್ಕಿ ಕೂಗಬೇಕು, ಬೆಳಿಗ್ಗೆ ಒಂಬತ್ತರ ಮೇಲೆ. ಇಷ್ಟನ್ನೂ ಪೂರೈಸುವ ಹೊಣೆ ಹೊತ್ತ ನಮ್ಮ ಹೋಂಸ್ಟೇ ಸಾವುಕಾರರು ರಾತ್ರಿ ಕ್ಯಾಂಪ್‌ಫೈರ್ ಮುಂದೆ ಕುಳಿತು ಪಶ್ಚಿಮ ಘಟ್ಟದ ಬಗ್ಗೆ ಭಾಷಣ ಬಿಗಿಯುತ್ತಾರೆ. ಜೀವವೈವಿಧ್ಯ ಎನ್ನುತ್ತಾರೆ. ಅವರ ಗೇಟಿನೊಳಗೆ ಉಳಿದಿರುವ ವೈವಿಧ್ಯವೆಂದರೆ ಇಪ್ಪತ್ತು ಎಂಎಂ ಜಲ್ಲಿ ಮತ್ತು ನಲವತ್ತು ಎಂಎಂ ಜಲ್ಲಿ.

ಜಲ್ಲಿ ರಸ್ತೆಯಲ್ಲಿ ಹುಲ್ಲು ಏಕೆ ಬರುತ್ತದೆ ಎಂಬುದರಲ್ಲಿ ರಹಸ್ಯವೇನಿಲ್ಲ. ಹಾಕಿದ ಹೊಸದರಲ್ಲಿ ಬರುವುದಿಲ್ಲ. ಆಮೇಲೆ ಸಿಲ್ವರ್ ಓಕಿನ ತರಗೆಲೆ ಬೀಳುತ್ತದೆ, ಕೊಳೆಯುತ್ತದೆ. ಜೀಪಿನ ಚಕ್ರಕ್ಕೆ ಅಂಟಿದ ಕೆಮ್ಮಣ್ಣು ಕಲ್ಲಿನ ಸಂದಿಗೆ ಇಳಿಯುತ್ತದೆ. ಗಾಳಿ, ಹಕ್ಕಿ, ದನ ಬೀಜ ತರುತ್ತವೆ. ಕೆಲವೇ ಮಳೆಗಾಲ ಕಳೆಯುವಷ್ಟರಲ್ಲಿ ಸಾವುಕಾರರು ದುಡ್ಡು ಕೊಟ್ಟು ಹಾಕಿಸಿದ ರಸ್ತೆ ಒಳ್ಳೆಯ ನರ್ಸರಿಯಾಗಿರುತ್ತದೆ. ಹಾಲುವಾಣದ ಕೋಲು ಚುಚ್ಚಿದರೆ ಮರವಾಗುವ ಊರಿದು. ಇಲ್ಲಿ ಕಲ್ಲು ಸುರಿದು ‘ಇನ್ನು ಏನೂ ಬೆಳೆಯಬಾರದು’ ಎಂದು ಮಳೆಗೆ ಆಜ್ಞೆ ಕೊಡುವುದು ಎಂಥ ಧೈರ್ಯ!

ಇನ್ನೊಂದು ಸಂಗತಿ. ಚಕ್ರ ಓಡುವ ಎರಡು ಗೆರೆಗಳಲ್ಲಿ ಹುಲ್ಲು ನಿಲ್ಲುವುದಿಲ್ಲ. ಅದನ್ನು ಚಕ್ರವೇ ನೋಡಿಕೊಳ್ಳುತ್ತದೆ, ಕೂಲಿ ಕೇಳದೆ. ಉಳಿದದ್ದು ನಡುವಿನ ಪಟ್ಟಿ ಮತ್ತು ಅಂಚು. ಅಲ್ಲಿನ ಗರಿಕೆಯಿಂದ ಇವತ್ತಿನವರೆಗೆ ಯಾವ ಕಾರೂ ಪಂಕ್ಚರ್ ಆಗಿಲ್ಲ. ಆಗಿದ್ದರೆ ಅದು ಜಲ್ಲಿಯಿಂದ.

ಆದರೂ ಮದ್ದು ಹೊಡೆಯಬೇಕು. ಹೊಡೆಯುತ್ತಾರೆ.

ಗ್ಲೈಫೋಸೇಟ್. ಅಂಗಡಿಯಲ್ಲಿ ಯಾರೂ ಹಾಗೆ ಕೇಳುವುದಿಲ್ಲ, ‘ರೌಂಡಪ್ ಕೊಡಿ’ ಎನ್ನುತ್ತಾರೆ. ಯಾವ ಕಂಪನಿಯ ಬಾಟಲಿ ಕೊಟ್ಟರೂ ಅದು ರೌಂಡಪ್ಪೇ. ಮೊನ್ಸಾಂಟೊ ಕಂಪನಿ 1974ರಲ್ಲಿ ಮಾರುಕಟ್ಟೆಗೆ ಬಿಟ್ಟ ಸರಕು. ಎಲೆಯ ಮೇಲೆ ಬಿದ್ದು, ಗಿಡದೊಳಗೆ ಹರಿದು, ಬೇರಿಗಿಳಿದು ಕೊಲ್ಲುತ್ತದೆ. ವಾರವೋ ಎರಡು ವಾರವೋ ಬೇಕು. ಹೊಡೆದ ಮೇಲೆ ಕೆಲವು ಗಂಟೆ ಮಳೆ ಬರಬಾರದು. ಮಾಕುಟ್ಟದ ಕಡೆ ಜೂನ್ ತಿಂಗಳಲ್ಲಿ ಮಳೆ ಬಾರದ ಕೆಲವು ಗಂಟೆಗಳನ್ನು ಹುಡುಕಿ ಕೊಟ್ಟವರಿಗೆ ನಾನೇ ಬಹುಮಾನ ಕೊಡುತ್ತೇನೆ. ಆದರೂ ನಮ್ಮವರು ಜೂನ್‌ನಲ್ಲೇ ಹೊಡೆಸುತ್ತಾರೆ. ಹುಲ್ಲು ಕಣ್ಣಿಗೆ ಬೀಳುವುದೇ ಆಗ. ಸಂಜೆ ಮಳೆ, ಮದ್ದು ಚರಂಡಿಗೆ. ‘ಪವರ್ ಸಾಲ್ದು’ ಎಂದು ಮುಂದಿನ ವಾರ ಮತ್ತೊಂದು ಟ್ಯಾಂಕ್.

ಮಣ್ಣಿಗೆ ಬಿದ್ದರೆ ಅಂಟಿಕೊಳ್ಳುತ್ತದೆ, ಎಲ್ಲಿಗೂ ಹೋಗುವುದಿಲ್ಲ ಎಂಬುದು ಅಂಗಡಿಯವರ ಸಮಾಧಾನ. ಮಣ್ಣಿಗೆ ಬಿದ್ದರೆ ಸರಿ. ಇವರು ಹೊಡೆಯುವುದು ಕಲ್ಲಿಗೆ. ಕಲ್ಲು ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ತೊಳೆದು ಕಳಿಸುತ್ತದೆ.

ಎಲ್ಲಿಗೆ? ಇಳಿಜಾರಿಗೆ. ತೋಡಿಗೆ, ಹಳ್ಳಕ್ಕೆ, ಬ್ರಹ್ಮಗಿರಿ ಅಭಯಾರಣ್ಯದ ಅಂಚು ಹಾದು ಕೂಟುಪುಳಕ್ಕೆ, ಇರಿಟ್ಟಿಗೆ. ಅಲ್ಲಿಂದ ವಳಪಟ್ಟಣಂ ಹೊಳೆಯಲ್ಲಿ ಪಳಶ್ಶಿ ಅಣೆಕಟ್ಟಿಗೆ. ಕಣ್ಣೂರಿನವರು ಕುಡಿಯುವುದು ಅದೇ ನೀರು.

ಈಗ ತಮಾಷೆ ನೋಡಿ. ಕೇರಳ ಸರ್ಕಾರ 2019ರ ಫೆಬ್ರುವರಿಯಲ್ಲಿ ಗ್ಲೈಫೋಸೇಟ್ ಮಾರಾಟ, ಬಳಕೆ ಎರಡನ್ನೂ ನಿಷೇಧಿಸಿತು. ತಿರುವಲ್ಲದ ಗದ್ದೆಯಲ್ಲಿ ಕೀಟನಾಶಕ ಹೊಡೆದ ಇಬ್ಬರು ಕಾರ್ಮಿಕರು ಸತ್ತ ಬೆನ್ನಿಗೇ ಬಂದ ಆದೇಶ. ಹೊಳೆಯ ಆ ದಡದಲ್ಲಿ ವಿಷ, ಈ ದಡದಲ್ಲಿ ಕ್ಲೀನಿಂಗ್. 2020ರ ಮಾರ್ಚ್‌ನಲ್ಲಿ ಕೊರೊನಾ ಬರುತ್ತದೆಂದು ಇದೇ ಮಾಕುಟ್ಟ ರಸ್ತೆಗೆ ನಾವು ಮಣ್ಣು ಸುರಿದು ಮುಚ್ಚಿದೆವು. ಮರುವರ್ಷ ಚೆಕ್‌ಪೋಸ್ಟಿನಲ್ಲಿ ಆರ್‌ಟಿಪಿಸಿಆರ್ ರಿಪೋರ್ಟ್ ಇಲ್ಲದವರನ್ನು ವಾಪಸ್ ಕಳಿಸಿದೆವು. ಅವರ ಉಸಿರು ನಮಗೆ ತಾಗಬಾರದು. ನಮ್ಮ ಚರಂಡಿ ಅವರ ಲೋಟಕ್ಕೆ ಹೋಗಬಹುದು. ನೀರಿನ ರಿಪೋರ್ಟ್ ಯಾವ ಚೆಕ್‌ಪೋಸ್ಟಿನಲ್ಲೂ ಯಾರೂ ಕೇಳಲಿಲ್ಲ.

ಕಾನೂನು ಇಲ್ಲವೇ? ಇದೆ, ಧಾರಾಳವಾಗಿದೆ. ನಮ್ಮ ದೇಶದಲ್ಲಿ ಗ್ಲೈಫೋಸೇಟಿಗೆ ಒಪ್ಪಿಗೆ ಇದ್ದದ್ದು ಚಹಾ ತೋಟಕ್ಕೆ ಮತ್ತು ಬೆಳೆ ಇಲ್ಲದ ಜಾಗಕ್ಕೆ. ಕಾಫಿ ಆ ಪಟ್ಟಿಯಲ್ಲಿ ಇಲ್ಲ. ಕೊಡಗಿನಲ್ಲಿ ಚಹಾ ತೋಟ ಬೆರಳೆಣಿಕೆ. ಹಾಗಾದರೆ ಇಷ್ಟೊಂದು ಬಾಟಲಿ ಎಲ್ಲಿ ಖಾಲಿಯಾಗುತ್ತಿದೆ? ಕೇಳಬೇಡಿ. ಕಾಫಿ ಜಿಲ್ಲೆಯವರು ಗುಟ್ಟಾಗಿ ಚಹಾ ಬೆಳೆಯುತ್ತಿದ್ದಾರೆ ಎಂದುಕೊಳ್ಳಿ.

2022ರ ಅಕ್ಟೋಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಮತ್ತೊಂದು ಅಧಿಸೂಚನೆ ಹೊರಡಿಸಿತು. ಮನುಷ್ಯನ, ಪ್ರಾಣಿಯ ಆರೋಗ್ಯಕ್ಕೆ ಅಪಾಯವಿರುವುದರಿಂದ ಪೆಸ್ಟ್ ಕಂಟ್ರೋಲ್ ಆಪರೇಟರುಗಳನ್ನು ಬಿಟ್ಟು ಬೇರೆ ಯಾರೂ ಇದನ್ನು ಬಳಸಬಾರದು. ಓದಲು ಚೆನ್ನಾಗಿದೆ. ನಮ್ಮ ಕಡೆಯ ಪೆಸ್ಟ್ ಕಂಟ್ರೋಲ್ ಆಪರೇಟರ್ ಯಾರು ಗೊತ್ತೇ? ತೋಟದ ಕೂಲಿಗಳ ಲೈನ್ ಮನೆಯ ಹುಡುಗ. ಬರಿಗಾಲು, ಮೊಣಕಾಲ ಮೇಲಿನ ಚಡ್ಡಿ, ಬೆನ್ನ ಮೇಲೆ ಸೋರುವ ಪಂಪು. ಮೂಗಿಗೆ ಟವಲ್. ಬಾಟಲಿಯ ಮೇಲಿನ ಎಚ್ಚರಿಕೆ ಅವನಿಗೆ ಓದಲು ಬಾರದ ಭಾಷೆಯಲ್ಲಿ, ನಮಗೆ ಕನ್ನಡಕ ಹಾಕಿದರೂ ಕಾಣದ ಅಕ್ಷರದಲ್ಲಿ. ಅಳತೆಗೆ ಬಾಟಲಿಯ ಮುಚ್ಚಳ. ಕೈ ತೊಳೆಯಲು ಅದೇ ತೋಡು. ಸಾವುಕಾರರು ದೂರದ ವರಾಂಡದಲ್ಲಿ ನಿಂತು ‘ಅಂಚು ಬಿಡ್ಬೇಡ’ ಎನ್ನುತ್ತಾರೆ. ಗಾಳಿ ವರಾಂಡದ ಕಡೆ ತಿರುಗಿದರೆ ಮಾತ್ರ ಕೆಲಸಕ್ಕೆ ವಿರಾಮ.

ಅಷ್ಟೊಂದು ಅಪಾಯವೇ, ಎಂದು ಕೇಳುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಇದನ್ನು ಮನುಷ್ಯರಿಗೆ ಬಹುಶಃ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಒಪ್ಪಲಿಲ್ಲ. ವಿಜ್ಞಾನಿಗಳ ಜಗಳ ನಡೆಯಲಿ. ಆದರೆ 2018ರಲ್ಲಿ ಕ್ಯಾಲಿಫೋರ್ನಿಯಾದ ಜ್ಯೂರಿ 28.9 ಕೋಟಿ ಡಾಲರ್ ಪರಿಹಾರ ಕೊಡಿಸಿದ್ದು ಯಾರಿಗೆ? ಡ್ವೇನ್ ಜಾನ್ಸನ್ ಎಂಬ, ಶಾಲೆಯ ಆವರಣದಲ್ಲಿ ಹುಲ್ಲಿಗೆ ಮದ್ದು ಹೊಡೆಯುತ್ತಿದ್ದವನಿಗೆ. ಅಪೀಲಿನಲ್ಲಿ ಮೊತ್ತ ಬಹಳ ಇಳಿಯಿತು, ತೀರ್ಪು ನಿಂತಿತು. ಅವನದೂ ಇದೇ ಕೆಲಸ, ಬೆಳೆ ಇಲ್ಲದ ಜಾಗವನ್ನು ಚೆಂದ ಇಡುವುದು. ನಮ್ಮ ಲೈನ್ ಮನೆಯ ಹುಡುಗನಿಗೆ ಜ್ಯೂರಿ ಇಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿದ್ದರೆ ಅದೇ ದೊಡ್ಡದು.

ಗ್ಲೈಫೋಸೇಟ್ ನಿಧಾನ ಎಂದು ಕೆಲವರು ಪ್ಯಾರಾಕ್ವಾಟ್ ಹಿಡಿದಿದ್ದಾರೆ. ಬೆಳಿಗ್ಗೆ ಹೊಡೆದರೆ ಸಂಜೆಗೆ ಬಾಡುತ್ತದೆ. ಮನುಷ್ಯನ ಹೊಟ್ಟೆಗೆ ಹೋದರೆ ಪ್ರತ್ಯೌಷಧವಿಲ್ಲ. ಅದನ್ನು ಮಾರುವ ಸಿಂಜೆಂಟಾ ಕಂಪನಿಯ ತವರು ಸ್ವಿಟ್ಜರ್ಲೆಂಡ್ 1989ರಲ್ಲೇ ನಿಷೇಧಿಸಿತು, ಯುರೋಪಿಯನ್ ಒಕ್ಕೂಟ 2007ರಲ್ಲಿ. ನಮ್ಮಲ್ಲಿ ಕಾಫಿಗೂ ಒಪ್ಪಿಗೆ ಇದೆ. ಕೊಡಗನ್ನು ಭಾರತದ ಸ್ಕಾಟ್ಲೆಂಡ್ ಎಂದು ಎದೆ ತಟ್ಟಿಕೊಳ್ಳುವವರು ಸ್ಕಾಟ್ಲೆಂಡಿನ ಅಂಗಡಿಯಲ್ಲಿ ಹೋಗಿ ಒಂದು ಲೀಟರ್ ಪ್ಯಾರಾಕ್ವಾಟ್ ಕೇಳಿ ನೋಡಲಿ.

ನಮಗೆ ಪಾಠ ದೂರದಿಂದ ಬರಬೇಕಾಗಿಯೂ ಇರಲಿಲ್ಲ. ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದರು. ವರ್ಷಗಟ್ಟಲೆ. ಪಡ್ರೆಯ ಕನ್ನಡ ಪತ್ರಕರ್ತ ಶ್ರೀಪಡ್ರೆ, ವೈದ್ಯ ಡಾ. ಮೋಹನ್ ಕುಮಾರ್ ಕೂಗಿ ಹೇಳಿದರು. ನಮ್ಮದೇ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದಲ್ಲೂ ಅದೇ ಮದ್ದು, ಅದೇ ರೀತಿ ಅಂಗವೈಕಲ್ಯದ ಮಕ್ಕಳು. ಸುಪ್ರೀಂ ಕೋರ್ಟ್ ನಿಲ್ಲಿಸಿದ್ದು 2011ರಲ್ಲಿ. ಅಲ್ಲಿಯವರೆಗೂ ಅದು ‘ಸೇಫ್’ ಎಂದೇ ಅಧಿಕಾರಿಗಳು ಹೇಳುತ್ತಿದ್ದರು. ಈಗ ಹುಲ್ಲಿನ ಮದ್ದಿನ ಅಂಗಡಿಯಲ್ಲೂ ಅದೇ ಪದ.

ಇನ್ನು ಕೊಲ್ಲುತ್ತಿರುವುದು ಯಾವುದನ್ನು? ಜಲ್ಲಿ ರಸ್ತೆಯ ತೇವದ ಅಂಚಿನಲ್ಲಿ ಒಂದೆಲಗ ಹಬ್ಬಿರುತ್ತದೆ. ತುಂಬೆ ಇರುತ್ತದೆ. ನೆಲನೆಲ್ಲಿ ಇರುತ್ತದೆ. ಮೂರಕ್ಕೂ ಮದ್ದು. ಆಮೇಲೆ ಮಡಿಕೇರಿಯ ಅಂಗಡಿಗೆ ಹೋಗಿ ನೆಲನೆಲ್ಲಿ ಪುಡಿ, ಒಂದೆಲಗದ ಮಾತ್ರೆ ಕೊಂಡು ತರುತ್ತಾರೆ. ಡಬ್ಬಿಯ ಮೇಲೆ ‘ಶುದ್ಧ ಗಿಡಮೂಲಿಕೆ’ ಎಂದಿರುತ್ತದೆ, ನಂಬುತ್ತಾರೆ. ಕಕ್ಕಡ ತಿಂಗಳ ಹದಿನೆಂಟು, ಅಂದರೆ ಆಗಸ್ಟ್ ಮೂರರ ಹೊತ್ತಿಗೆ ಮನೆಮನೆಯಲ್ಲಿ ಮದ್ದುಸೊಪ್ಪಿನ ಪಾಯಸವಾಗಬೇಕು. ಹದಿನೆಂಟು ಬಗೆಯ ಔಷಧ ಆ ದಿನ ಅದರಲ್ಲಿ ಸೇರಿರುತ್ತದೆಂದು ನಂಬಿಕೆ. ಆ ಗಿಡ ಬೆಳೆಯುವುದು ತೋಟದ ನೆರಳಿನ ಅಂಚಿನಲ್ಲಿ, ಬೇಲಿ ಬದಿಯಲ್ಲಿ. ಜೂನ್‌ನಲ್ಲಿ ಅಲ್ಲಿ ಪಂಪು ಹೊತ್ತವನು ಹೋಗಿ ಬಂದಿರುತ್ತಾನೆ. ಹತ್ತೊಂಬತ್ತನೆಯ ಔಷಧ ಯಾವುದೆಂದು ಗೆಸ್ಟುಗಳಿಗೆ ಯಾರೂ ಹೇಳುವುದಿಲ್ಲ. ಪಾಯಸದ ಫೋಟೊ ಮಾತ್ರ ಇನ್‌ಸ್ಟಾಗ್ರಾಂನಲ್ಲಿ, ‘ಕೊಡವ ಪರಂಪರೆ’ ಎಂಬ ಸಾಲಿನೊಂದಿಗೆ.

ನಿಜವಾದ ಕಳೆಗೆ ಮಾತ್ರ ರಾಜಮರ್ಯಾದೆ. ಅದೇ ರಸ್ತೆಯ ತಿರುವಿನಲ್ಲಿ ಹಳದಿ ಹೂವಿನ ವೆಡೇಲಿಯಾವನ್ನು ಸಾಲಾಗಿ ನೆಟ್ಟಿರುತ್ತಾರೆ, ಅಂದಕ್ಕೆ. ಅದು ತೋಡು ದಾಟಿ ಕಾಡಿಗೆ ಹಬ್ಬುತ್ತದೆ. ಲಂಟಾನ ಬಂದದ್ದೂ ಹೀಗೆಯೇ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತದ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂತು. ಇವತ್ತು ನಮ್ಮ ಕಾಡುಗಳಲ್ಲಿ ಆನೆಗೆ ಹುಲ್ಲು ಉಳಿಸಿಲ್ಲ. ಹೊರಗಿನಿಂದ ಬಂದು ಹೂ ಬಿಟ್ಟರೆ ಗಾರ್ಡನ್. ಇಲ್ಲೇ ಹುಟ್ಟಿ ಸೊಪ್ಪಾದರೆ ಕಳೆ.

ಮದ್ದಿನ ಶೌರ್ಯವಾದರೂ ಎಷ್ಟು ದಿನ? ರಾಗಿಯ ಹತ್ತಿರದ ನೆಂಟ ಹುಲ್ಲೊಂದಿದೆ. ತುಳಿದಷ್ಟೂ ನೆಲಕ್ಕೆ ಕಚ್ಚಿಕೊಂಡು ಬೆಳೆಯುವ ಜಾತಿ, ರಸ್ತೆ ಅಂಚಿನ ಖಾಯಂ ಗಿರಾಕಿ. 1997ರಲ್ಲೇ ಮಲೇಷ್ಯಾದ ತೋಟಗಳಲ್ಲಿ ಅದು ಗ್ಲೈಫೋಸೇಟ್ ಕುಡಿದು ಜೀರ್ಣಿಸಿಕೊಂಡು ಎದ್ದು ನಿಂತಿತು. ವರ್ಷವರ್ಷ ಅದೇ ಮದ್ದು ಹೊಡೆದರೆ ಸಾಯುವವು ಸಾಯುತ್ತವೆ. ಸಾಯದವು ಬೀಜ ಚೆಲ್ಲುತ್ತವೆ. ಸಾಧು ಸೊಪ್ಪುಗಳನ್ನು ಮುಗಿಸಿ ರೌಡಿ ಹುಲ್ಲಿಗೆ ಜಾಗ ಖಾಲಿ ಮಾಡಿಕೊಡಲು ನಾವೇ ದುಡ್ಡು ಕೊಡುತ್ತೇವೆ.

ಮತ್ತೆ ಆ ಇಳಿಜಾರು. 2018ರ ಜೂನ್‌ನಲ್ಲಿ ಮಾಕುಟ್ಟದ ಘಾಟಿ ರಸ್ತೆ ಕುಸಿದು ಬಂದಾಯಿತು. ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಮುತ್ತ ಗುಡ್ಡಗಳೇ ಜಾರಿದವು. ಆಗ ಟಿ.ವಿ. ಕ್ಯಾಮೆರಾ ಮುಂದೆ ಎಲ್ಲರೂ ಬೇರಿನ ಮಹಿಮೆ ಹೇಳಿದರು. ಬೇರು ಮಣ್ಣು ಹಿಡಿಯುತ್ತದೆ, ಬೇರಿದ್ದರೆ ಬೆಟ್ಟ ನಿಲ್ಲುತ್ತದೆ. ಅದೇ ಬಾಯಿ, ಈಗ ಅದೇ ಇಳಿಜಾರಿನ ಹುಲ್ಲಿನ ಬೇರಿಗೇ ಮದ್ದು. ಬೇರು ಸತ್ತ ಅಂಚು ಮೊದಲ ಜೋರು ಮಳೆಗೆ ಬಿಡುತ್ತದೆ. ಜಲ್ಲಿ ಚರಂಡಿಗೆ, ಚರಂಡಿ ಗದ್ದೆಗೆ. ಆಮೇಲೆ ಮತ್ತೆ ಟಿಪ್ಪರ್‌ನವನಿಗೆ ಫೋನ್ ಹೋಗುತ್ತದೆ. ಜಲ್ಲಿ ಬರುವುದು ಕ್ವಾರಿಯಿಂದ, ಅಂದರೆ ಇನ್ನೊಂದು ಗುಡ್ಡದಿಂದ. ಕ್ವಾರಿ ವಿರುದ್ಧದ ಮನವಿಗೆ ಸಾವುಕಾರರು ಮೊನ್ನೆ ತಾನೆ ಸಹಿ ಹಾಕಿದ್ದಾರೆ. ಟಿಪ್ಪರ್ ಬಂದದ್ದು ಮರುದಿನ.

ಬೇರೆ ದಾರಿ ಇಲ್ಲವೆನ್ನಬೇಡಿ. ಎಲ್ಲರಿಗೂ ಗೊತ್ತಿರುವುದೇ. ತರಗೆಲೆ ಗುಡಿಸಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು, ಎಲೆ ಕೊಳೆತರೆ ತಾನೆ ಮಣ್ಣು. ರಸ್ತೆಯ ನಡುವನ್ನು ಸ್ವಲ್ಪ ಉಬ್ಬಿಸಿ ಪಕ್ಕಕ್ಕೆ ಚರಂಡಿ ಬಿಡಿಸಿದರೆ ಕೆಸರು ನಿಲ್ಲುವುದಿಲ್ಲ. ಹೂ ಬಿಟ್ಟು ಬೀಜ ಚೆಲ್ಲುವ ಮೊದಲು ಒಂದು ಸಲ ಕತ್ತಿಯಲ್ಲೋ ಮೆಷಿನ್ನಿನಲ್ಲೋ ಹೊಡೆಸಿದರೆ ಸಾಕು. ನೆಲ ಒದ್ದೆಯಿದ್ದಾಗ ಗುದ್ದಲಿ ತುದಿಯಲ್ಲಿ ಎತ್ತಿದರೆ ಬೇರು ಸಮೇತ ಬರುತ್ತದೆ. ನಡುವಿನ ಗರಿಕೆಯನ್ನು ಬಿಟ್ಟುಬಿಟ್ಟರೆ ಜಲ್ಲಿ ಜಾರುವುದೂ ಕಡಿಮೆ.

‘ಆಳು ಸಿಗಲ್ಲ’ ಎನ್ನುತ್ತಾರೆ. ಪಂಪು ಹೊರಲು ಸಿಗುವ ಆಳು ಕತ್ತಿ ಹಿಡಿಯಲು ಏಕೆ ಸಿಗುವುದಿಲ್ಲ? ಕತ್ತಿ ಕೆಲಸಕ್ಕೆ ನಾಲ್ಕು ದಿನದ ಕೂಲಿ, ಪಂಪಿಗೆ ಒಂದು ದಿನದ್ದು. ಪರಿಸರದ ಭಾಷಣ ಬಂದು ನಿಲ್ಲುವುದು ಆ ಮೂರು ದಿನದ ಕೂಲಿಯ ಹತ್ತಿರ. ಗೆಸ್ಟಿನಿಂದ ಒಂದು ರಾತ್ರಿಗೆ ತೆಗೆದುಕೊಳ್ಳುವ ಬಾಡಿಗೆ ಅದಕ್ಕಿಂತ ಹೆಚ್ಚು. ಈ ಲೆಕ್ಕ ಯಾವ ಕ್ಯಾಂಪ್‌ಫೈರ್ ಮುಂದೆಯೂ ಬರುವುದಿಲ್ಲ.

ವಾಟ್ಸ್ಆ್ಯಪ್ ಪಂಡಿತರ ಸಾವಯವ ಮಾರ್ಗವೂ ಇದೆ. ವಿನೆಗರ್‌ಗೆ ಉಪ್ಪು ಕಲಸಿ ಹೊಯ್ಯಿರಿ, ನೈಸರ್ಗಿಕ! ಉಪ್ಪು ನೈಸರ್ಗಿಕವೇ, ಸಮುದ್ರವೂ ನೈಸರ್ಗಿಕವೇ. ಸಮುದ್ರದಲ್ಲಿ ಕಾಫಿ ಬೆಳೆದವರನ್ನು ನಾನು ಕಂಡಿಲ್ಲ. ಇನ್ನು ಕೆಲವರು ಜಲ್ಲಿಯಡಿಗೆ ಕಪ್ಪು ಪ್ಲಾಸ್ಟಿಕ್ ಮ್ಯಾಟ್ ಹಾಸುತ್ತಾರೆ. ಹುಲ್ಲು ಕೆಳಗಿನಿಂದ ಬರುವುದೆಂದು ಅವರ ಎಣಿಕೆ. ಕೆಸರು ಮೇಲಿನಿಂದ ಬರುತ್ತದೆ, ಬೀಜವೂ. ಎರಡು ವರ್ಷದಲ್ಲಿ ಹುಲ್ಲಿನ ಬೇರು ಮ್ಯಾಟಿಗೇ ಹೆಣೆದುಕೊಂಡಿರುತ್ತದೆ. ಕಿತ್ತರೆ ರಸ್ತೆಯೇ ಎದ್ದು ಬರುತ್ತದೆ. ಗೇಟಿನಲ್ಲಿ ಬೋರ್ಡು ಬೇರೆ: ‘ಇದು ಪ್ಲಾಸ್ಟಿಕ್ ಮುಕ್ತ ವಲಯ’.

ಇಷ್ಟೆಲ್ಲ ಸಾವುಕಾರರೊಬ್ಬರಿಗೆ ಹೇಳಿದೆ. ತಾಳ್ಮೆಯಿಂದ ಕೇಳಿದರು. ಕಾಫಿ ಕೊಟ್ಟರು, ಅವರದೇ ತೋಟದ್ದು. ‘ನೀವು ಹೇಳೋದು ಸರಿ ಮಾರಾಯ್ರೆ, ಮದ್ದಿನ ಸಹವಾಸವೇ ಬೇಡ. ಈ ಬೇಸಿಗೇಲಿ ಪೂರ್ತಿ ಇಂಟರ್‌ಲಾಕ್ ಹಾಕಿಸಿಬಿಡ್ತೀನಿ’ ಎಂದರು.

ಇಂಟರ್‌ಲಾಕ್ ಸಂದಿಯಲ್ಲೂ ಹುಲ್ಲು ಬರುತ್ತದಲ್ಲ ಎಂದೆ.

‘ಹೌದಂತೆ. ಅದಕ್ಕೆ ಬೇರೆ ಮದ್ದು ಬಂದಿದೆಯಂತೆ, ತುಂಬಾ ಸೇಫು.’