ಒಂಬತ್ತು ಮಂದಿ ಬರೀರಿ

ಒಂದು ದಾಲ್ ಮಿಲ್ಲಿನ ಬೆಲೆ ಎಷ್ಟು ಎಂಬ ಪ್ರಶ್ನೆಗೆ ಕಲಬುರಗಿಯ ಕಪನೂರದಲ್ಲಿ ನಾಲ್ಕು ಉತ್ತರಗಳಿವೆ. ಬ್ಯಾಂಕಿಗೆ ಸಾಲ ಕೇಳುವಾಗ ಒಂದು, ತೆರಿಗೆಯವರಿಗೆ ಲೆಕ್ಕ ಕೊಡುವಾಗ ಒಂದು, ಅಣ್ಣತಮ್ಮಂದಿರು ಪಾಲು ಕೇಳಿದಾಗ ಒಂದು, ಮಗನಿಗೆ ಹೆಣ್ಣು ನೋಡಲು ಹೋದಾಗ ಮತ್ತೊಂದು. ಗೋಡೆ ಅದೇ, ತಗಡು ಅದೇ, ಬೇಳೆ ಆರಿಸುವ ಸಾರ್ಟೆಕ್ಸ್ ಮಷೀನೂ ಅದೇ. ಐದನೆಯ ಬೆಲೆಯೊಂದನ್ನು ಹುಡುಕುವ ಕೆಲಸ ಬಿದ್ದದ್ದು ನಮ್ಮ ಭಾವ ತಮ್ಮ ಮಿಲ್ಲಿಗೆ ವಿಮೆಯ ಕೊಟೇಶನ್ ಕೇಳಲು ಹೊರಟಾಗ. ನಾನು ನಿವೃತ್ತ ಇಂಗ್ಲಿಷ್ ಮಾಸ್ತರ. ಇಂಗ್ಲಿಷಿನಲ್ಲಿರುವ ಫಾರ್ಮುಗಳೆಲ್ಲ ಬೀಗರ ಬಳಗದಲ್ಲಿ ನನಗೇ ಮೀಸಲು.

ಭಾವನವರಿಗೆ ಬೇಕಾಗಿದ್ದದ್ದು ಅಂಬ್ರೆಲಾ ಪಾಲಿಸಿ. ಹೈದರಾಬಾದಿನ ವ್ಯಾಪಾರಿಯೊಬ್ಬರ ಬಾಯಲ್ಲಿ ಕೇಳಿ ಬಂದಿದ್ದರು. "ಮಾಸ್ತರ್ರ, ಎಲ್ಲಾ ಅದರ ಕೆಳಗ ಬರ್ತದಂತ. ಒಂದು ಸಹಿ ಹೊಡದ್ರ ಮುಗೀತು."

ಎಲ್ಲಾ ಬರುವುದಿಲ್ಲ. ನಮ್ಮ ಉದ್ಯಮದಿಂದ ಹೊರಗಿನವರಿಗೆ ಪೆಟ್ಟೋ ನಷ್ಟವೋ ಆಗಿ, ಕೊಡಬೇಕಾದ ಪರಿಹಾರ ಈಗಿರುವ ಹೊಣೆಗಾರಿಕೆ ಪಾಲಿಸಿಯ ಮಿತಿ ದಾಟಿದರೆ, ದಾಟಿದ ಮೊತ್ತಕ್ಕೆ ಬರುವ ಪಾಲಿಸಿ ಅದು. ಗೋದಾಮು ಸುಟ್ಟರೆ ಅದು ತಿರುಗಿಯೂ ನೋಡುವುದಿಲ್ಲ. ಹಾಗಾಗಿ ವಿಮಾ ಕಂಪನಿಯವರ ಮೊದಲ ಪ್ರಶ್ನೆಯೇ, ಕೆಳಗೆ ಯಾವ ಯಾವ ಪಾಲಿಸಿ ಇವೆ, ಎಷ್ಟೆಷ್ಟರವು? ಭಾವ ಲಾರಿಯ ವಿಮೆ ತೋರಿಸಿದರು. ಮತ್ತೇನಿದೆ ಎಂದರೆ ಗಲ್ಲೆಯ ಮೇಲಿನ ಶರಣಬಸವೇಶ್ವರರ ಫೋಟೋ ಕಡೆ ಕೈ ತೋರಿಸಿದರು. ಫಾರ್ಮಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಏಜೆಂಟ್ ಕಮಲಾಪುರದ ಹುಡುಗ. ಊರಿನ ಕೆಂಪು ಬಾಳೆಹಣ್ಣು ಹಿಡಿದುಕೊಂಡೇ ಬಂದಿದ್ದ. "ಕಾಕಾ, ಮೊದಲ ಕೆಳಗಿನ ಗ್ವಾಡಿ ಕಟ್ಟಮ್ರಿ, ಆಮ್ಯಾಲ ಮಾಳಿಗಿ" ಎಂದ. ಒಂದೇ ಜಾಗದಲ್ಲಿ 5 ಕೋಟಿಯೊಳಗಿನ ಆಸ್ತಿ ಇರುವವರಿಗೆ 2021ರ ಏಪ್ರಿಲಿನಿಂದ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬ ಪಾಲಿಸಿ ಇದೆ, ಅಲ್ಲಿಂದ ಶುರು ಮಾಡೋಣ ಅಂದ. ಬೆಲೆಯ ಪ್ರಶ್ನೆ ಬಂದದ್ದು ಆಗ. ಪ್ರೀಮಿಯಂ ಉಳಿಸಲು ಭಾವ ತೆರಿಗೆಯ ಬೆಲೆಯನ್ನೇ ಮುಂದೆ ಮಾಡಿದರು. ಹುಡುಗ ಬಾಳೆಹಣ್ಣು ಸುಲಿಯುತ್ತಲೇ ಲೆಕ್ಕ ಹೇಳಿದ: 2 ಕೋಟಿಯ ಮಿಲ್ಲಿಗೆ 1 ಕೋಟಿಯ ವಿಮೆ ಮಾಡಿಸಿ, 20 ಲಕ್ಷದ ಮಾಲು ಸುಟ್ಟರೆ ಕೈಗೆ ಬರುವುದು 10 ಲಕ್ಷ. ಅರ್ಧ ಹೇಳಿದವರಿಗೆ ಅರ್ಧವೇ. ಈ ಪಾಲಿಸಿಯಲ್ಲಿ ಶೇ. 15ರವರೆಗಿನ ಕೊರತೆಯನ್ನು ಮನ್ನಿಸುತ್ತಾರೆ, ಆದರೆ ಭಾವನವರ ಕೊರತೆ ಅಷ್ಟಕ್ಕೆಲ್ಲ ನಿಲ್ಲುವಂಥದ್ದಲ್ಲ. ಅವರು ತಕ್ಷಣ ಹೆಣ್ಣು ನೋಡಲು ಹೋದಾಗಿನ ಬೆಲೆಗೆ ಜಿಗಿದರು. ಅದೂ ನಡೆಯುವುದಿಲ್ಲವಂತೆ, ಎಷ್ಟೇ ಬರೆಸಿದರೂ ಕೊಡುವುದು ಆದ ನಷ್ಟವನ್ನಷ್ಟೇ.

ಮಾಲಿನ ವಿವರ ಬರೆಯುವಾಗ, "2019ರಾಗ ನಮ್ಮ ತೊಗರಿ ಬ್ಯಾಳಿಗಿ ಜಿಐ ಟ್ಯಾಗ್ ಬಂದದ, ಅದನ್ನೂ ಹಾಕ್ರಿ" ಎಂದು ಹಟ ಹಿಡಿದರು. ಫಾರ್ಮು ಕೇಳುತ್ತಿದ್ದದ್ದು ಗೋದಾಮಿನಲ್ಲಿ ಎಷ್ಟು, ಎಣ್ಣೆ ನೀರು ಕಾಣಿಸಿ ಅಂಗಳದಲ್ಲಿ ಒಣಹಾಕಿದ್ದು ಎಷ್ಟು, ಸುಗ್ಗಿಯಲ್ಲಿ ಗೋದಾಮು ತುಂಬಿದಾಗ ಎಷ್ಟು ಎಂದು. ಬೆಂಕಿಗೆ ಏನು ಸಿದ್ಧತೆ ಎಂಬ ಪ್ರಶ್ನೆಗಾಗಿ ಹೊರಗೆ ಹೋಗಿ ನೋಡಿದೆವು. ಮರಳಿನ ಕೆಂಪು ಬಕೆಟ್ಟುಗಳು ಸಾಲಾಗಿ ಇದ್ದವು. ಮರಳು ಬಕೆಟ್ಟಿಗಿಂತ ಕೆಂಪಾಗಿತ್ತು. ಗುಟಕಾದ ಕೃಪೆ.

ನಿಜವಾದ ಫಜೀತಿ ಆದದ್ದು ಕೆಲಸಗಾರರ ಕಾಲಂನಲ್ಲಿ. "ಒಂಬತ್ತು ಮಂದಿ ಬರೀರಿ" ಎಂದರು ಭಾವ. ಕಿಟಕಿಯಿಂದ ಇಣುಕಿದರೆ ಅಂಗಳದಲ್ಲೇ ಹದಿನಾಲ್ಕು ತಲೆ. ಹತ್ತು ಜನ ಆದರೆ ಇಎಸ್ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ, ಬರುತ್ತದೆ, ಆದ್ದರಿಂದ ನಮ್ಮ ಕಡೆ ಎಷ್ಟೋ ಮಿಲ್ಲುಗಳಲ್ಲಿ ಒಂಬತ್ತರ ನಂತರ ಎಣಿಕೆಯೇ ಇಲ್ಲ. "ಉಳಿದವರು ಯಾರು?" ಎಂದೆ. "ಬಂದು ಹೋಗೋರು" ಎಂದರು. ಬಂದು ಹೋಗುವವರಲ್ಲಿ ಒಬ್ಬ ಅವರ ಮದುವೆಗಿಂತ ಮುಂಚಿನಿಂದಲೂ ಅಲ್ಲೇ ಇದ್ದಾನೆ.

ಅಷ್ಟರಲ್ಲಿ ಆ ಹಳೆಯ ಆಳೇ ಚಹಾ ತಂದಿಟ್ಟ. ಹುಡುಗ ಅವನನ್ನೇ ತೋರಿಸಿ, ನಾಳೆ ಇವರ ಕೈ ಎಲಿವೇಟರಿನ ಬೆಲ್ಟಿಗೆ ಸಿಕ್ಕರೆ ಇವರು ಹತ್ತನೆಯವರೋ ಒಂಬತ್ತರೊಳಗಿನವರೋ ಎಂದು ಕೇಳಿದ. 1923ರಿಂದ ಕಾರ್ಮಿಕರ ಪರಿಹಾರಕ್ಕೆ ಕಾನೂನಿದೆ, ರಿಜಿಸ್ಟರಿನಲ್ಲಿ ಇಲ್ಲದವನಿಗೂ ಜವಾಬ್ದಾರಿ ಮಾಲೀಕನದೇ ಎಂದೂ ಸೇರಿಸಿದ. ಭಾವ ಬಸ್ಸಿ ಕೆಳಗಿಟ್ಟು ಮುನೀಮರ ಮುಖ ನೋಡಿದರು. ಮುನೀಮರು ಫ್ಯಾನ್ ನೋಡಿದರು.

ಕೊನೆಗೆ ಫಾರ್ಮಿನಲ್ಲಿ ಹದಿನಾಲ್ಕು ಎಂದೇ ಬರೆದೆ. ಅಂಬ್ರೆಲಾದ ಕೊಟೇಶನ್ ಇನ್ನೂ ಬಂದಿಲ್ಲ. ಸದ್ಯ ಇಎಸ್ಐ ನೋಂದಣಿಯ ಫಾರ್ಮು ನನ್ನ ಮೇಜಿನ ಮೇಲಿದೆ. ಅದೂ ಇಂಗ್ಲಿಷಿನಲ್ಲಿದೆ.